ಓಡಲು ಕಲಿಯುವವರಿಗೆ ‘ಸಾವಕಾಶ’ ಎನ್ನುವವರು ಬೇಕು

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಓಟದ ಕಾರ್ಯಕ್ರಮಗಳ ಫ್ಲೆಕ್ಸ್ ಕಾಣಿಸುತ್ತವೆ. 5 ಕಿ.ಮೀ., 10 ಕಿ.ಮೀ., ಟೀ-ಶರ್ಟ್, ಮೆಡಲ್, ಕೊನೆಗೆ ಬಿಸಿ ಉಪ್ಪಿಟ್ಟು. ಎಲ್ಲಾ ಒಳ್ಳೆಯದೇ. ಆದರೆ ಇವತ್ತಿನವರೆಗೆ ನೂರು ಹೆಜ್ಜೆಯೂ ಓಡದೇ ಇರುವವರು ಆ 5 ಕಿ.ಮೀ.ವರೆಗೆ ಹೇಗೆ ಮುಟ್ಟಬೇಕು? ಅದನ್ನು ಆ ಫ್ಲೆಕ್ಸಿನಲ್ಲಿ ಯಾರೂ ಬರೆಯುವುದಿಲ್ಲ. ನಾನು ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪ್ರಕಟಿಸಿ.

ನನಗೆ 47 ವರ್ಷ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ದಿನಾ ಚಿಗರಿ ಬಸ್ಸಿನಲ್ಲಿ ಹೋಗುವುದು, ಇಡೀ ದಿನ ಕುರ್ಚಿ ಮೇಲೆ ಕೂತು ಲೆಕ್ಕ ನೋಡುವುದು, ಸಂಜೆ ಬಂದು ಅಡುಗೆ ಮಾಡುವುದು. ಎರಡು ವರ್ಷದ ಹಿಂದೆ ಗೆಳತಿಯರ ಜೊತೆ ಹುರುಪಿನಲ್ಲಿ ಒಂದು 5 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೆ. ಯಾವ ತಯಾರಿಯೂ ಇರಲಿಲ್ಲ. ಸೀಟಿ ಊದಿದ ಕೂಡಲೇ ಎಲ್ಲರೂ ಓಡಿದರು, ನಾನೂ ಓಡಿದೆ, ಎರಡೂ ಕಡೆ ನಿಂತವರು ‘ಓಡ್ರಿ, ಓಡ್ರಿ, ಇನ್ನೂ ಜೋರು ಓಡ್ರಿ’ ಅಂತ ಚಪ್ಪಾಳೆ ಹೊಡೆದರು, ನಾನು ಇನ್ನೂ ಜೋರು ಓಡಿದೆ. ಅರ್ಧ ಕಿಲೋಮೀಟರ್ ಆಗಿರಲಿಲ್ಲ, ಪಕ್ಕೆ ಹಿಡಿಯಿತು. ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಆಮೇಲೆ ನಡೆಯುತ್ತಾ ಹೋದೆ. ಕೊನೆಯ ತಿರುವಿನಲ್ಲಿ ಒಬ್ಬ ಹುಡುಗ ‘ಲಗೂ ನಡೀರಿ ಅಕ್ಕಾರ, ರಸ್ತೆ ಬಿಡಬೇಕು ನಾವು’ ಎಂದ. ಅವನು ಅವನ ಕೆಲಸ ಮಾಡಿದ, ಬೇಜಾರಿಲ್ಲ. ಮೆಡಲ್ ಕೊಟ್ಟರು. ಮನೆಗೆ ಬಂದು ಬೂಟನ್ನು ಅಟ್ಟದ ಮೇಲೆ ಇಟ್ಟೆ. ಓಟ ನಮ್ಮಂಥವರಿಗಲ್ಲ ಎಂದುಕೊಂಡೆ.

ಹಾಗೆ ಅಂದುಕೊಂಡು ಒಂದೂವರೆ ವರ್ಷ ಕಳೆದೆ. ನನ್ನ ಹಾಗೆ ಅಟ್ಟಕ್ಕೆ ಬೂಟು ಇಟ್ಟವರು ನಮ್ಮ ಓಣಿಯಲ್ಲೇ ನಾಲ್ಕು ಜನ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಕಳೆದ ದಸರಾ ಮುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದ ಹಾಗೆ, 6.5 ಮುಟ್ಟಿದರೆ ಒಳಗೆ ಕಾಲಿಟ್ಟ ಹಾಗೆ ಎಂದು ಡಾಕ್ಟರ್ ತಿಳಿಸಿ ಹೇಳಿದರು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವ ಹಾಗೆ ಓಡಾಡಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇಷ್ಟೇ, 150ರಿಂದ 300 ನಿಮಿಷ, ಅಥವಾ ಓಟದಂಥ ಜೋರಾದ ವ್ಯಾಯಾಮ ಆದರೆ 75ರಿಂದ 150 ನಿಮಿಷ. ‘ಓಡಬಹುದಾ ಸರ್’ ಅಂತ ಕೇಳಿದೆ. ಬಿಪಿ ನೋಡಿ, ಇಸಿಜಿ ಮಾಡಿಸಿ, ‘ಓಡ್ರಿ, ಆದ್ರ ನಡೆಯೋದ್ರಿಂದ ಚಾಲೂ ಮಾಡ್ರಿ’ ಎಂದರು. ವಯಸ್ಸು ನಲವತ್ತು ದಾಟಿದವರು, ಎದೆ ನೋವು, ಬಿಪಿ, ಸಕ್ಕರೆ ಇರುವವರು ಇದೊಂದನ್ನು ಮಾತ್ರ ಬಿಡಬೇಡಿ. ಮೊದಲು ಡಾಕ್ಟರ್, ಆಮೇಲೆ ಬೂಟು.

ಧಾರವಾಡ ಈಗ ಕೋಚಿಂಗ್ ಊರು. ಸಪ್ತಾಪುರದ ಕಡೆ ಹೋದರೆ ಪ್ರತಿ ಮಹಡಿಗೂ ಒಂದು ಬೋರ್ಡು. ನಮ್ಮ ಮನೆಯ ಮೇಲಿನ ಖೋಲಿಯಲ್ಲೂ ರೋಣದ ಕಡೆಯ ಒಬ್ಬ ಹುಡುಗಿ ಬಾಡಿಗೆಗೆ ಇದ್ದಾಳೆ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾಳೆ. ಬರೆಯುವ ಪರೀಕ್ಷೆ ಅಷ್ಟೇ ಅಲ್ಲ, ‘ಫಿಜಿಕಲ್’ ಕೂಡ ಪಾಸಾಗಬೇಕು. ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದ ಒಳಗೆ ಓಡಬೇಕು, ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದ ಒಳಗೆ. ಅದಕ್ಕೇ ಈ ಊರಿನಲ್ಲಿ ನಸುಕಿನಲ್ಲಿ ಯಾವ ಮೈದಾನಕ್ಕೆ ಹೋದರೂ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಆಕೆ ಬೆಳಿಗ್ಗೆ ಮೆಟ್ಟಿಲಿಳಿದು ಹೋಗುವಾಗ ನಾನು ಅಂಗಳ ಗುಡಿಸುತ್ತಿರುತ್ತೇನೆ. ಒಂದು ದಿನ ಡಾಕ್ಟರ್ ಹೇಳಿದ್ದನ್ನು ಹೇಳಿದೆ. ‘ನಾಳೆ ನನ್ನ ಜೋಡಿ ಬರ್ರಿ ಅಕ್ಕಾರ’ ಎಂದಳು.

ಮರುದಿನ ಹೋದೆ. ಹಳೆಯ ಚಟದಂತೆ ಜೋರಾಗಿ ಓಡಲು ಶುರುಮಾಡಿದೆ. ಆಕೆ ಕೈ ಹಿಡಿದು ನಿಲ್ಲಿಸಿದಳು. ‘ಸಾವಕಾಶ ಅಕ್ಕಾರ. ಬಸ್ ಹಿಡ್ಯಾಕ ಓಡಿಧಂಗ ಓಡಬ್ಯಾಡ್ರಿ. ನನ್ನ ಜೋಡಿ ಮಾತಾಡ್ಕೊಂತ ಬರ್ರಿ. ಮಾತಾಡಾಕ ಬರವಲ್ದು ಅಂದ್ರ ಜೋರು ಓಡಾಕತ್ತೇನಿ ಅಂತ ತಿಳ್ಕೋರಿ.’

ನನಗೆ ಓಟ ಕಲಿಸಿದ್ದು ಈ ಒಂದು ಮಾತು.

ಹುರಿದುಂಬಿಸುವುದು ಅಂದರೆ ಚಪ್ಪಾಳೆ ಹೊಡೆಯುವುದು, ‘ಜೋರು, ಇನ್ನೂ ಜೋರು’ ಅಂತ ಕೂಗುವುದು ಎಂದೇ ನಾವೆಲ್ಲ ತಿಳಿದಿದ್ದೇವೆ ಅಲ್ವಾ. ಓಡಿ ಗೊತ್ತಿರುವವರಿಗೆ ಅದು ಸರಿ ಇರಬಹುದು. ಹೊಸಬರಿಗೆ ಅದೇ ಪೆಟ್ಟು. 400 ಮೀಟರನ್ನು 2 ನಿಮಿಷದೊಳಗೆ ಮುಗಿಸುವ ಹುಡುಗಿ ನನ್ನ ಜೊತೆ, ನಡೆಯುವುದಕ್ಕಿಂತ ಒಂದು ಚೂರು ಜಾಸ್ತಿ ವೇಗದಲ್ಲಿ, ಮೂರು ವಾರ ಓಡಿದಳು. ನಮ್ಮದು ಮುಗಿದ ಮೇಲೆ ತನ್ನ ಓಟ ಬೇರೆ ಓಡುತ್ತಿದ್ದಳು. ಅವಳಿಗೂ ಓದು ಇತ್ತು, ಪರೀಕ್ಷೆ ಇತ್ತು. ತನ್ನ ವೇಗ ಬಿಟ್ಟು ನಮ್ಮ ವೇಗಕ್ಕೆ ಇಳಿದು ಬರುವುದು ಸಣ್ಣ ಮಾತಲ್ಲ. ನನಗೆ ಅದಕ್ಕಿಂತ ದೊಡ್ಡ ಪ್ರೋತ್ಸಾಹವನ್ನು ಜೀವನದಲ್ಲಿ ಯಾರೂ ಕೊಟ್ಟಿಲ್ಲ.

ಆಕೆಯೇ ಮೊಬೈಲಿನಲ್ಲಿ ಒಂದು ಒಂಬತ್ತು ವಾರದ ಪಟ್ಟಿ ತೋರಿಸಿದಳು. ‘ಕೌಚ್ ಟು 5ಕೆ’ ಅಂತ ಅದರ ಹೆಸರು, ಸೋಫಾದಿಂದ ಎದ್ದು 5 ಕಿ.ಮೀ.ವರೆಗೆ ಅಂದ ಹಾಗೆ. ಅಮೆರಿಕದ ಜೋಶ್ ಕ್ಲಾರ್ಕ್ ಎಂಬವರು 1996ರಲ್ಲಿ ಮಾಡಿದ್ದು, ಅದೂ ಐವತ್ತು ದಾಟಿದ ತಮ್ಮ ತಾಯಿ ಓಡಲು ಕಲಿಯಲಿ ಅಂತ. ಇದನ್ನು ಓದಿದಾಗ ನನಗೆ ಧೈರ್ಯ ಬಂತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯವರೂ ಇದನ್ನೇ ಜನರಿಗೆ ಹೇಳುತ್ತಾರೆ. ವಾರಕ್ಕೆ ಮೂರೇ ದಿನ. ಮೊದಲ ವಾರ 5 ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಒಟ್ಟು 20 ನಿಮಿಷ. ಅಷ್ಟೇ. ಎರಡನೇ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ. ಮೂರರಲ್ಲಿ 3 ನಿಮಿಷದ ಓಟ ಬರುತ್ತದೆ, ನಾಲ್ಕರಲ್ಲಿ 5 ನಿಮಿಷ. ಒಂಬತ್ತನೇ ವಾರದ ಹೊತ್ತಿಗೆ ನಿಲ್ಲದೆ 30 ನಿಮಿಷ.

ಮಧ್ಯದ ರಜೆ ದಿನಗಳನ್ನು ಸುಮ್ನೆ ಇಟ್ಟಿಲ್ಲ. ಎದೆ, ಉಸಿರು ಬೇಗ ಪಳಗುತ್ತವೆ, ಕೆಲವೇ ವಾರದಲ್ಲಿ ದಮ್ಮು ಹತ್ತುವುದು ಕಡಿಮೆಯಾಗುತ್ತದೆ. ಎಲುಬು, ಎಲುಬಿಗೆ ಮಾಂಸಖಂಡವನ್ನು ಕಟ್ಟಿರುವ ನಾರು ಇವು ಗಟ್ಟಿಯಾಗಲು ಜಾಸ್ತಿ ದಿನ ಬೇಕು. ಉಸಿರು ಸಾಕಷ್ಟಿದೆ ಅಂತ ದಿನಾ ಓಡಿದರೆ ಮೊಣಕಾಲ ಕೆಳಗಿನ ಮುಂದಿನ ಎಲುಬು ನೋಯಲು ಶುರುವಾಗುತ್ತದೆ. ನಾನು ಎರಡನೇ ವಾರ ಉಮೇದಿಯಲ್ಲಿ ಐದು ದಿನ ಓಡಿ ಈ ನೋವು ತಂದುಕೊಂಡೆ, ಹತ್ತು ದಿನ ಬಿಡಬೇಕಾಯಿತು. ಆ ಹತ್ತು ದಿನವೂ ಆ ಹುಡುಗಿ ಸಂಜೆ ಬಂದು ‘ಈಗ ಹ್ಯಾಂಗೈತ್ರಿ’ ಅಂತ ಕೇಳಿ ಹೋಗುತ್ತಿದ್ದಳು. ಕೇಳದೇ ಇದ್ದಿದ್ದರೆ ಬೂಟು ಮತ್ತೆ ಅಟ್ಟ ಸೇರುತ್ತಿತ್ತು, ಖಂಡಿತ.

ಹೀಗೆ ನಾವಿಬ್ಬರು ಹೋಗುವುದನ್ನು ನೋಡಿ ಓಣಿಯ ಟೇಲರ್ ಅಕ್ಕ ಬಂದರು, ದಿನವಿಡೀ ಮಷಿನ್ ತುಳಿದು ಬೆನ್ನು ಹಿಡಿದವರು. ಆಮೇಲೆ ಅಂಗನವಾಡಿ ಕೆಲಸದ ಒಬ್ಬರು. ಆಮೇಲೆ ನಿವೃತ್ತ ಬಸ್ ಡ್ರೈವರ್ ಒಬ್ಬರು, 62 ವರ್ಷ, ನಾವೆಲ್ಲ ಕಾಕಾ ಅನ್ನುತ್ತೇವೆ. ಮೂವತ್ತು ವರ್ಷ ಡ್ಯೂಟಿ ಮಾಡಿ ನಸುಕಿನಲ್ಲಿ ನಾಲ್ಕಕ್ಕೆ ಏಳುವ ರೂಢಿ ಅವರಿಗೆ ಇನ್ನೂ ಹೋಗಿಲ್ಲ. ಸೋಮವಾರ, ಬುಧವಾರ, ಶುಕ್ರವಾರ 5.20ಕ್ಕೆ ಎಲ್ಲರ ಮೊಬೈಲಿಗೂ ಒಂದೊಂದು ಮಿಸ್ಡ್ ಕಾಲ್ ಕೊಡುತ್ತಾರೆ. ಎತ್ತುವ ಹಾಗಿಲ್ಲ, ಎದ್ದಿದ್ದರೆ ತಿರುಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. 5.45ಕ್ಕೆ ಎಲ್ಲರೂ ಗೇಟಿನ ಹತ್ತಿರ ಸೇರಬೇಕು. ಚಳಿಯಲ್ಲಿ ಕೌದಿ ಬಿಟ್ಟು ಏಳಲು ಮನಸ್ಸೇ ಬರದ ದಿನ ಎಷ್ಟೋ ಇದ್ದವು. ಸಕ್ಕರೆ ಕಾಯಿಲೆಯ ಭಯಕ್ಕೆ ನಾನು ಎದ್ದೆ ಅಂದರೆ ಸುಳ್ಳಾಗುತ್ತದೆ. ಗೇಟಿನ ಹತ್ತಿರ ನಾಲ್ಕು ಜನ ಚಳಿಯಲ್ಲಿ ಕೈ ತಿಕ್ಕುತ್ತಾ ನನಗಾಗಿ ನಿಂತಿರುತ್ತಾರಲ್ಲ, ಅದಕ್ಕೆ ಎದ್ದೆ.

ಬಟ್ಟೆ, ಬೂಟಿನ ಬಗ್ಗೆ ಹೆಣ್ಣುಮಕ್ಕಳು ತುಂಬಾ ಕೇಳುತ್ತಾರೆ. ನಾವು ಮೂವರೂ ಚೂಡಿದಾರದಲ್ಲೇ ಓಡುತ್ತೇವೆ, ಓಡ್ನಿಯನ್ನು ಗಂಟು ಹಾಕಿ ಕಟ್ಟುತ್ತೇವೆ. ಬೂಟು ಮಾತ್ರ ಸರಿ ಇರಬೇಕು. ಟೇಲರ್ ಅಕ್ಕ ಮೊದಲು ಮಗನ ಹಳೆಯ ಬೂಟು ಹಾಕಿಕೊಂಡು ಬರುತ್ತಿದ್ದರು, ಬೊಬ್ಬೆ ಬಂದವು. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟು ತೆಗೆದುಕೊಳ್ಳಿ. ದೊಡ್ಡ ಕಂಪನಿಯದೇ ಬೇಕು ಅಂತೇನಿಲ್ಲ.

ಎಳ್ಳಮವಾಸ್ಯೆಗೆ ತವರಿಗೆ ಹೋಗಿದ್ದೆ, ಅಣ್ಣಿಗೇರಿ ಹತ್ತಿರದ ಹಳ್ಳಿ. ಚರಗ ಚೆಲ್ಲಿ, ಹೊಲದಲ್ಲಿ ಊಟ ಮಾಡಿ, ಮರುದಿನ ಬೆಳಿಗ್ಗೆ ಬುಧವಾರ ಅಂತ ನೆನಪಾಗಿ ಬಂಡಿ ದಾರಿಯಲ್ಲಿ ಓಡಲು ಹೋದೆ. ಎರಡೂ ಕಡೆ ಎರಿ ಹೊಲ, ಕಡಲೆ, ಬಿಳಿಜೋಳ. ಎದುರಿಗೆ ಬಂದ ಅಜ್ಜ ಗಾಬರಿಯಾಗಿ ‘ಯಾಕವ್ವ, ಏನಾತು, ಯಾರಿಗೇನಾತು?’ ಅಂತ ಕೇಳಿದರು. ಹಳ್ಳಿಯಲ್ಲಿ ಹೆಣ್ಣುಮಗಳು ಓಡುತ್ತಾಳೆ ಅಂದರೆ ಮನೆಯಲ್ಲಿ ಏನೋ ಕೆಟ್ಟದ್ದು ಆಗಿದೆ ಎಂದೇ ಅರ್ಥ. ಅವರಿಗೆ ಸಮಾಧಾನ ಮಾಡಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಅಳು ಬಂತು. ನಮ್ಮವ್ವ, ನಮ್ಮಜ್ಜಿ ಎಷ್ಟು ಕೆಲಸ ಮಾಡಿದರೂ ತಮ್ಮ ಮೈಗಾಗಿ, ತಮ್ಮ ಸಂತೋಷಕ್ಕಾಗಿ ಒಂದು ದಿನ ಓಡಿದವರಲ್ಲ. ಮನೆಗೆ ಬಂದಾಗ ನಮ್ಮ ವೈನಿ ‘ನಾಡಿದ್ದ ನಾನೂ ಬರ್ತೀನ್ರಿ’ ಎಂದರು. ಶುಕ್ರವಾರ ಬೆಳಕು ಹರಿಯುವ ಮುಂಚೆ ಇಬ್ಬರೂ ಹೋದೆವು. ಅವರಿಗೆ ನಾನು ಹೇಳಿದ ಮೊದಲ ಮಾತು ‘ಸಾವಕಾಶ’.

ಆ ಪಟ್ಟಿಯಲ್ಲಿ ಎಲ್ಲರೂ ಹೆದರುವುದು ಐದನೇ ವಾರಕ್ಕೆ. ಮೊದಲ ದಿನ 5 ನಿಮಿಷದ ಓಟ ಮೂರು ಸಲ, ಎರಡನೇ ದಿನ 8 ನಿಮಿಷ ಎರಡು ಸಲ, ಮೂರನೇ ದಿನ ಒಮ್ಮೆಲೇ 20 ನಿಮಿಷ, ನಡುವೆ ನಡಿಗೆಯೇ ಇಲ್ಲ. ನಾನು ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ. ಕಾಕಾ ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡು ‘ಹೊತ್ತು ನಾ ನೋಡ್ತೀನಿ, ನೀವು ಬರ್ರಿ’ ಎಂದರು. ಓಡುತ್ತಾ ಓಡುತ್ತಾ ಅರಬೈಲ್ ಘಟ್ಟದ ಕತೆ ತೆಗೆದರು. ಮಳೆಗಾಲದ ರಾತ್ರಿ, ಹುಬ್ಬಳ್ಳಿಯಿಂದ ಕಾರವಾರಕ್ಕೆ ತುಂಬಿದ ಬಸ್ಸು, ಯಲ್ಲಾಪುರ ದಾಟಿದ ಮೇಲೆ ಏನೂ ಕಾಣದ ಮಂಜು. ‘ಘಟ್ಟದಾಗ ಅವಸರ ಮಾಡಬಾರದ್ರಿ. ಒಂದ ಗೇರಿನ್ಯಾಗ ಇಳೀಬೇಕು. ಮುಂದಿನ ತಿರುವು ಎಷ್ಟದಾವು ಅಂತ ಎಣಸಬಾರದು, ಈ ತಿರುವು ಅಷ್ಟ ನೋಡಬೇಕು.’ ಕತೆಯಲ್ಲಿ ಬಸ್ಸು ಅಂಕೋಲಾ ಮುಟ್ಟುವಷ್ಟರಲ್ಲಿ ಅವರು ನಿಂತು ಮೊಬೈಲ್ ತೋರಿಸಿದರು. 21 ನಿಮಿಷ ಆಗಿತ್ತು. ಟೇಲರ್ ಅಕ್ಕ ನನ್ನನ್ನು ಅಪ್ಪಿಕೊಂಡು ನಿಂತರು, ಇಬ್ಬರ ಮೈಯೂ ಬೆವರು. ಅವರು ಆವತ್ತು 12 ನಿಮಿಷಕ್ಕೆ ನಡಿಗೆಗೆ ಇಳಿದಿದ್ದರು, ಆದರೂ ನನಗಿಂತ ಜಾಸ್ತಿ ಖುಷಿ ಅವರಿಗೇ ಆಗಿತ್ತು. ಮುಂದಿನ ವಾರ ನಾವೆಲ್ಲ ಅವರಿಗಾಗಿ ಅದೇ ವಾರವನ್ನು ಮತ್ತೊಮ್ಮೆ ಮಾಡಿದೆವು.

ಒಂಬತ್ತು ವಾರದ್ದು ನಮಗೆ ಹದಿನಾಲ್ಕು ವಾರ ಹಿಡಿಯಿತು. ಶಿವರಾತ್ರಿಗೆ ಮುಂಚೆ ಮುಗಿಸಿದೆವು. 30 ನಿಮಿಷದಲ್ಲಿ ನಾನು ಓಡುವುದು 4 ಕಿ.ಮೀ.ಗಿಂತ ಕಡಿಮೆ. ಇರಲಿ. ಏಪ್ರಿಲ್‌ನಲ್ಲಿ ಎಚ್‌ಬಿಎ1ಸಿ ಮತ್ತೆ ನೋಡಿಸಿದೆ, 5.8 ಬಂತು. ಊಟದಲ್ಲೂ ಬದಲಾವಣೆ ಮಾಡಿದ್ದೆ, ರಾತ್ರಿ ಅನ್ನ ಬಿಟ್ಟು ರೊಟ್ಟಿ, ಪಲ್ಯ. ಹಾಗಾಗಿ ಎಲ್ಲಾ ಓಟದಿಂದಲೇ ಆಯಿತು ಅಂತ ಹೇಳಲಾರೆ.

ಈಗ ಈ ಪತ್ರದ ಮುಖ್ಯ ಕೋರಿಕೆಗೆ ಬರುತ್ತೇನೆ.

ನಾವು ಓಡುವ ಮೈದಾನದ ಗೇಟಿಗೆ ಎಷ್ಟೋ ದಿನ ಆರೂವರೆವರೆಗೂ ಬೀಗ ಇರುತ್ತದೆ. ಒಳಗಿನ ದೀಪಗಳಲ್ಲಿ ಒಂದು ಬದಿಯ ಸಾಲು ಉರಿಯುವುದೇ ಇಲ್ಲ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಏಳುವುದೇ ಹೆಚ್ಚೂಕಡಿಮೆ 7 ಗಂಟೆಗೆ. 8 ಗಂಟೆಗೆ ಡಬ್ಬಿ ಕಟ್ಟಿ ಬಸ್ ಹಿಡಿಯಬೇಕಾದ ಹೆಣ್ಣುಮಗಳು ಬೆಳಕಾಗುವವರೆಗೆ ಕಾಯಲು ಆಗುತ್ತದಾ? ಗೇಟು ತೆರೆಯದ ದಿನ ನಾವು ರಸ್ತೆ ಮೇಲೆ ಓಡಿದೆವು. ಬೀದಿ ನಾಯಿ ಬೆನ್ನು ಹತ್ತಿದವು, ಬೈಕಿನ ಹುಡುಗರು ಏನೇನೋ ಕೂಗಿ ಹೋದರು. ಐದು ಜನ ಇದ್ದೆವು ಅಂತ ತಡೆದುಕೊಂಡೆವು. ಒಬ್ಬಳೇ ಇದ್ದಿದ್ದರೆ ಅದೇ ಕೊನೆಯ ದಿನ ಆಗುತ್ತಿತ್ತು. ಆದ್ದರಿಂದ ಊರಿನ ಮೈದಾನಗಳನ್ನು ನೋಡಿಕೊಳ್ಳುವ ಎಲ್ಲರಲ್ಲೂ ನನ್ನ ಬೇಡಿಕೆ ಇಷ್ಟೇ. ಬೆಳಿಗ್ಗೆ 5.30ಕ್ಕೆ ಗೇಟು ತೆರೆಯಿರಿ, ಒಂದು ಸುತ್ತಿನಷ್ಟು ದೀಪ ಹಾಕಿರಿ, ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆಗೆಸಿರಿ. ಸಿಂಥೆಟಿಕ್ ಟ್ರ್ಯಾಕ್ ಬೇಕಂತ ನಾವು ಕೇಳುತ್ತಿಲ್ಲ. ಮಸಾರಿ ಮಣ್ಣಿನ ನೆಲ ನಮಗೆ ಸಾಕು, ಡಾಂಬರಿಗಿಂತ ಕಾಲಿಗೆ ಅದೇ ಮೆತ್ತಗೆ.

ಓಟದ ಕಾರ್ಯಕ್ರಮ ನಡೆಸುವವರಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ಓಟದ ದಿನಕ್ಕೆ ಹತ್ತು ವಾರ ಮುಂಚೆ ಹೊಸಬರ ಗುಂಪು ಶುರುಮಾಡಿ. ವಾರಕ್ಕೆ ಮೂರು ಬೆಳಿಗ್ಗೆ, ಒಬ್ಬ ಅನುಭವಸ್ಥರು ಜೊತೆಗಿದ್ದರೆ ಸಾಕು. ಟೀ-ಶರ್ಟ್ ಕೊಡದಿದ್ದರೂ ನಡೆಯುತ್ತದೆ. ಹಾಗೆಯೇ ಓಟದ ದಿನ ಕೊನೆಯವರ ಹಿಂದೆ ಒಬ್ಬರನ್ನು ಕಳಿಸಿ. ಇಂಗ್ಲೆಂಡಿನಲ್ಲಿ 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಸೇರಿ ಓಡಿದ್ದು ಈಗ ‘ಪಾರ್ಕ್‌ರನ್’ ಅಂತ ಎಷ್ಟೋ ದೇಶಗಳಿಗೆ ಹಬ್ಬಿದೆ. ಪ್ರತಿ ಶನಿವಾರ 5 ಕಿ.ಮೀ., ದುಡ್ಡಿಲ್ಲ. ಅಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವುದೇ ಒಬ್ಬ ಸ್ವಯಂಸೇವಕರ ಕೆಲಸ. ಹಾಗಾಗಿ ಬಂದವರಲ್ಲಿ ಯಾರೂ ‘ನಾನೇ ಕೊನೆ’ ಅಂತ ಮನೆಗೆ ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಆ ಫುಟ್‌ಪಾತಿನಲ್ಲಿ ಹಾಗೆ ಒಬ್ಬರು ನನ್ನ ಪಕ್ಕ ಬಂದು ನಿಂತಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ದಿನಾ ಓಡುವವರೇ, ನೀವು ಕೆಲಗೇರಿ ಕೆರೆ ದಂಡೆಯಲ್ಲೋ, ಹುಬ್ಬಳ್ಳಿಯ ಉಣಕಲ್ ಕೆರೆ, ನೆಹರೂ ಮೈದಾನದಲ್ಲೋ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆ ಕಡೆಯೋ ಇರುತ್ತೀರಿ. ಅಲ್ಲೇ ನಿಧಾನಕ್ಕೆ ನಡೆಯುತ್ತಾ ನಿಮ್ಮನ್ನೇ ನೋಡುವ ಒಬ್ಬರು ಇರುತ್ತಾರೆ. ಅವರ ಬೂಟು ಹೊಸದಾಗಿರುತ್ತದೆ, ಎರಡು ಹೆಜ್ಜೆ ಓಡಿ ಯಾರಾದರೂ ನೋಡಿದರಾ ಅಂತ ನಿಲ್ಲುತ್ತಾರೆ. ವಾರದಲ್ಲಿ ಒಂದೇ ಒಂದು ದಿನ ನಿಮ್ಮ ಓಟ ಬಿಟ್ಟು ಅವರ ಜೊತೆ ಹೋಗಿ.

ಆ ಹುಡುಗಿಯ ಫಿಜಿಕಲ್ ಇನ್ನೂ ಬಾಕಿ ಇದೆ. ಈಗ ನಾವು ಉಳಿದ ನಾಲ್ವರೂ ಬುಧವಾರ ಮೈದಾನದ ಬದಿಯಲ್ಲಿ ಸಾಲಾಗಿ ನಿಂತು ಅವಳ 400 ಮೀಟರಿಗೆ ಹೊತ್ತು ಹಿಡಿಯುತ್ತೇವೆ. ಹೋದ ವಾರ 1 ನಿಮಿಷ 41 ಸೆಕೆಂಡ್. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಹೊಸ ಗುಂಪು ಶುರುಮಾಡುತ್ತೇವೆ, ಈಗಾಗಲೇ ಏಳು ಜನ ಹೆಸರು ಕೊಟ್ಟಿದ್ದಾರೆ, ಅದರಲ್ಲಿ ನಾಲ್ವರು ಅಟ್ಟದಿಂದ ಬೂಟು ಇಳಿಸಿದವರು. ಕಾಕಾ ಎಲ್ಲರ ನಂಬರ್ ಬರೆದುಕೊಂಡಿದ್ದಾರೆ. ಅಷ್ಟರೊಳಗೆ ಆ ಗೇಟಿನ ಬೀಗ 5.30ಕ್ಕೆ ತೆಗೆಯುವಂತಾಗಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಧಾರವಾಡ